ಮೊದಲ ಟ್ರ್ಯಾಕ್ಟರ್ ಆರಿಸುವಾಗ: ಎಚ್‌ಪಿಗಿಂತ ಮೊದಲು ನೋಡಬೇಕಾದದ್ದು

ಮೊದಲ ಸಲ ಟ್ರ್ಯಾಕ್ಟರ್ ಕೊಳ್ಳಲು ಹೊರಟವರು "ಎಷ್ಟು ಎಚ್‌ಪಿ ಸಾಕು?" ಎಂದೇ ಮಾತು ಶುರು ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಸರದಿ ಸ್ವಲ್ಪ ಆಮೇಲೆ ಬರಬೇಕು. ಟ್ರ್ಯಾಕ್ಟರ್ ಒಂದೇ ನಿಂತು ಯಾವ ಕೆಲಸವನ್ನೂ ಮಾಡುವುದಿಲ್ಲ. ಹಿಂದೆ ಕಟ್ಟಿದ ನೇಗಿಲು, ತಿರುಗುವ ಬ್ಲೇಡಿನಿಂದ ಮಣ್ಣು ಪುಡಿಮಾಡುವ ರೋಟವೇಟರ್, ಟ್ರೈಲರ್, ಮುಂದೆ ಕೂರಿಸಿದ, ಬಕೆಟ್ಟಿನಲ್ಲಿ ಭಾರ ಎತ್ತುವ ಲೋಡರ್ ಕೆಲಸ ಮಾಡುತ್ತವೆ. ಆದ್ದರಿಂದ ಉಪಕರಣವನ್ನು ಮೊದಲು ಆರಿಸಿ. ಆಮೇಲೆ ಅದನ್ನು ಎಳೆಯುವ, ಎತ್ತುವ, ತಿರುಗಿಸುವ ಗಾಡಿಯನ್ನು ಹುಡುಕಿ. ಈ ಕ್ರಮ ತಿರುವುಮುರುವಾದರೆ ಅಂಗಳದಲ್ಲಿ ದೊಡ್ಡ ಗಾಡಿ ನಿಂತಿರುತ್ತದೆ, ಬೇಕಾದ ಕೆಲಸ ಮಾತ್ರ ಆಗುವುದಿಲ್ಲ.

ಒಂದು ಹಾಳೆಯಲ್ಲಿ ವರ್ಷದ ಕೆಲಸಗಳನ್ನೆಲ್ಲ ಬರೆಯಿರಿ. ಉಳುಮೆ, ಹುಲ್ಲು ಕತ್ತರಿಸುವುದು, ಗೊಬ್ಬರ ಸಾಗಿಸುವುದು, ದಾರಿ ಸಮ ಮಾಡುವುದು, ಗುಂಡಿ ತೋಡುವುದು, ಮರದ ದಿಮ್ಮಿ ಎಳೆಯುವುದು. ಪ್ರತಿಯೊಂದರ ಮುಂದೆ ವರ್ಷಕ್ಕೆ ಎಷ್ಟು ಗಂಟೆ ಹಿಡಿಯಬಹುದು ಎಂದು ಅಂದಾಜು ಹಾಕಿ. ವರ್ಷಕ್ಕೊಮ್ಮೆ ಬರುವ ದೊಡ್ಡ ಕೆಲಸವನ್ನು ಬಾಡಿಗೆಗೆ ಕೊಟ್ಟುಬಿಡಿ. ವಾರವಾರವೂ ಬರುವ ಕೆಲಸಕ್ಕೆ ತಕ್ಕ ಗಾಡಿ ಕೊಳ್ಳಿ. ಎರಡು ದಿನದ ಆಳ ಉಳುಮೆಗಾಗಿ ದೊಡ್ಡ ಟ್ರ್ಯಾಕ್ಟರ್ ತಂದರೆ, ಉಳಿದ ದಿನವೆಲ್ಲ ಅದು ಸಾಲುಗಳ ನಡುವೆ ಹೋಗದೆ, ಗೇಟಿನಲ್ಲಿ ತಿರುಗದೆ ಕಾಟ ಕೊಡುತ್ತದೆ. ಎರಡು ಎಕರೆಯೊಳಗಿನ ಸಮತಟ್ಟು ಜಾಗಕ್ಕೆ, ಭಾರ ಎತ್ತುವ ಕೆಲಸ ಇಲ್ಲದಿದ್ದರೆ, ನಡೆದುಕೊಂಡು ಓಡಿಸುವ ಪವರ್ ಟಿಲ್ಲರ್ ಸಾಕಾಗಬಹುದು. ಇದನ್ನು ಟ್ರ್ಯಾಕ್ಟರ್ ಮಾರುವವರು ಹೇಳುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಎಚ್‌ಪಿ ಎಂಬ ಮೂರು ಲೆಕ್ಕ

ಬಾನೆಟ್ ಮೇಲೆ ಬರೆದ ಎಚ್‌ಪಿ ಸಾಮಾನ್ಯವಾಗಿ ಎಂಜಿನ್ನಿನದು. ಅದು ಗೇರುಬಾಕ್ಸ್ ದಾಟಿ ಹಿಂದಿನ ಪಿಟಿಒ ಶಾಫ್ಟಿಗೆ (ಉಪಕರಣವನ್ನು ತಿರುಗಿಸುವ ಶಾಫ್ಟಿಗೆ) ಬರುವಷ್ಟರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕರಗಿರುತ್ತದೆ. ಅದೇ ಶಕ್ತಿ ಟೈರಿನ ಮೂಲಕ ಮಣ್ಣಿಗೆ ಇಳಿದು ಎಳೆತವಾಗಬೇಕಾದರೆ ಇನ್ನೂ ಕಡಿಮೆ. ಮೆದು ನೆಲದಲ್ಲಿ 40 ಎಚ್‌ಪಿ ಎಂಜಿನ್ನಿನಿಂದ ಡ್ರಾಬಾರಿಗೆ (ಹಿಂದೆ ಕೆಳಗಿರುವ, ಎಳೆಯುವ ಪಟ್ಟಿಗೆ) ಸಿಗುವುದು ಅರ್ಧದಷ್ಟು ಎಂದೇ ಇಟ್ಟುಕೊಳ್ಳಿ. ರೋಟವೇಟರ್, ಹುಲ್ಲು ಪೊದೆ ಕತ್ತರಿಸುವ ಸ್ಲ್ಯಾಷರ್, ಸ್ಪ್ರೇಯರ್ ತರಹ ತಿರುಗುವ ಉಪಕರಣಕ್ಕೆ ಪಿಟಿಒ ಎಚ್‌ಪಿ ಕೇಳಬೇಕು. ನೇಗಿಲು, ಕಲ್ಟಿವೇಟರ್ ತರಹ ಎಳೆಯುವ ಉಪಕರಣಕ್ಕೆ ಡ್ರಾಬಾರಿನ ಲೆಕ್ಕ ಕೇಳಬೇಕು.

ತಯಾರಕರು ಹೇಳುವ ಎಚ್‌ಪಿಯ ಬಗ್ಗೆ ಅನುಮಾನ ಇಂದಿನದಲ್ಲ. ಅಮೆರಿಕದ ನೆಬ್ರಾಸ್ಕಾದಲ್ಲಿ ಮಾತಿಗೂ ಕೆಲಸಕ್ಕೂ ತಾಳೆಯಾಗದ ಟ್ರ್ಯಾಕ್ಟರುಗಳಿಂದ ರೈತರು ರೋಸಿಹೋಗಿದ್ದರು. ಅಲ್ಲಿ 1919ರಲ್ಲಿ ಒಂದು ಕಾನೂನೇ ಬಂತು. ವಿಶ್ವವಿದ್ಯಾಲಯದ ಪರೀಕ್ಷೆಗೆ ಒಳಗಾಗದ ಮಾದರಿಯನ್ನು ಆ ರಾಜ್ಯದಲ್ಲಿ ಮಾರುವಂತಿರಲಿಲ್ಲ. 1920ರಿಂದ ಶುರುವಾದ ಆ ಪರೀಕ್ಷೆಗಳು ಇಂದಿಗೂ ನಡೆಯುತ್ತಿವೆ. ಬೇರೆ ಹಲವು ದೇಶಗಳಲ್ಲೂ ಇಂಥ ಪರೀಕ್ಷಾ ಕೇಂದ್ರಗಳಿವೆ. ನಿಮ್ಮ ಮನಸ್ಸಿನಲ್ಲಿರುವ ಮಾದರಿಗೆ ಇಂಥ ವರದಿ ಇದ್ದರೆ ಬಣ್ಣದ ಬ್ರೋಷರನ್ನು ಬದಿಗಿಟ್ಟು ಅದನ್ನು ಓದಿ. ಪಿಟಿಒ ಶಕ್ತಿ, ಎಳೆತ, ಗಂಟೆಗೆ ಎಷ್ಟು ಡೀಸೆಲ್, ಎತ್ತುವ ಭಾರ ಎಲ್ಲವೂ ಅಳೆದ ಅಂಕಿಗಳಲ್ಲಿ ಇರುತ್ತವೆ.

ತೂಕವೇ ಹಿಡಿತ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೊಸಬರು ಎಡವುವುದು ಇಲ್ಲೇ. 40 ಎಚ್‌ಪಿಯ ಎರಡು ಟ್ರ್ಯಾಕ್ಟರ್ ಅಕ್ಕಪಕ್ಕ ನಿಂತಿವೆ ಎಂದುಕೊಳ್ಳಿ. ಒಂದು 1,400 ಕೆಜಿ, ಇನ್ನೊಂದು 2,000 ಕೆಜಿ. ಕಾಗದದ ಮೇಲೆ ಎರಡೂ ಒಂದೇ. ಹಿಂದೆ ನೇಗಿಲು ಕಟ್ಟಿ ಹೊಲಕ್ಕಿಳಿಸಿದರೆ ಹಗುರವಾದದ್ದರ ಗಾಲಿ ನಿಂತಲ್ಲೇ ತಿರುಗುತ್ತದೆ. ಎಂಜಿನ್ನಿನಲ್ಲಿ ಇನ್ನೂ ದಮ್ಮಿದೆ, ಆದರೆ ನೆಲ ಹಿಡಿಯುವುದಕ್ಕೆ ಭಾರ ಇಲ್ಲ. ಗಟ್ಟಿ ಹೊಲದಲ್ಲಿ ಒಂದು ಟ್ರ್ಯಾಕ್ಟರ್ ಎಳೆಯಬಲ್ಲದ್ದು, ಎಂಜಿನ್ ತಿರುಗಿಸುವ ಗಾಲಿಗಳ ಮೇಲೆ ಬಿದ್ದ ತೂಕದ ಅರ್ಧಕ್ಕಿಂತ ಸ್ವಲ್ಪ ಕಡಿಮೆಯೇ. ಅದಕ್ಕಿಂತ ಜಾಸ್ತಿ ಎಚ್‌ಪಿ ಇದ್ದರೂ ನಿಧಾನದ ಗೇರಿನಲ್ಲಿ ಅದು ಮಣ್ಣಿಗೆ ಇಳಿಯುವುದಿಲ್ಲ.

ಗಾಲಿ ಎಷ್ಟು ಜಾರುತ್ತಿದೆ ಎಂದು ನೀವೇ ಅಳೆಯಬಹುದು. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ. ಉಪಕರಣ ಎತ್ತಿಕೊಂಡು ಗಾಲಿ ಹತ್ತು ಸುತ್ತು ತಿರುಗುವಷ್ಟು ಓಡಿಸಿ, ದೂರ ಅಳೆಯಿರಿ. ಆಮೇಲೆ ಉಪಕರಣ ನೆಲಕ್ಕಿಳಿಸಿ ಅದೇ ಹತ್ತು ಸುತ್ತು. ಮೊದಲಿಗೆ 40 ಮೀಟರ್, ಆಮೇಲೆ 35 ಮೀಟರ್ ಬಂದರೆ ಜಾರಿಕೆ ನೂರಕ್ಕೆ ಹನ್ನೆರಡೂವರೆ. ಎಂಟರಿಂದ ಹದಿನೈದರವರೆಗೆ ಇದ್ದರೆ ಸರಿ. ಅದಕ್ಕಿಂತ ಜಾಸ್ತಿಯಾದರೆ ಡೀಸೆಲ್ಲೂ ಟೈರೂ ಸುಮ್ನೆ ಸವೆಯುತ್ತವೆ. ಒಂದಿಷ್ಟೂ ಜಾರದೇ ಇದ್ದರೂ ಖುಷಿಪಡಬೇಡಿ. ಅಗತ್ಯಕ್ಕಿಂತ ಜಾಸ್ತಿ ತೂಕ ಹೊತ್ತು ತಿರುಗುತ್ತಿದ್ದೀರಿ ಎಂದರ್ಥ.

ಹಾಗಂತ ಭಾರವೇ ಯಾವಾಗಲೂ ಒಳ್ಳೆಯದು ಎಂದಲ್ಲ. ಒದ್ದೆ ಜೇಡಿಮಣ್ಣಿನಲ್ಲಿ ಭಾರದ ಗಾಡಿ ಓಡಿಸಿದರೆ ಕೆಳಪದರ ಗಟ್ಟಿಯಾಗಿ ನೀರು ಇಂಗುವುದಿಲ್ಲ, ಬೇರು ಇಳಿಯುವುದಿಲ್ಲ. ಆ ಪದರವನ್ನು ಮತ್ತೆ ಸಡಿಲ ಮಾಡುವುದು ವರ್ಷಗಳ ಕೆಲಸ. ಹಣ್ಣಿನ ತೋಟ, ಹುಲ್ಲುಗಾವಲು, ಮನೆಯ ಸುತ್ತಿನ ಜಾಗಕ್ಕೆ ಹಗುರವಾದದ್ದೇ ಸರಿ. ಒಂದು ಅನುಕೂಲವಿದೆ. ಹಗುರ ಗಾಡಿಗೆ ಬೇಕಾದಾಗ ತೂಕ ಸೇರಿಸಬಹುದು. ಮುಂದೆ ಕಬ್ಬಿಣದ ತೂಕ ತೂಗುಹಾಕಬಹುದು, ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಬಹುದು. ಭಾರವಾಗಿಯೇ ಹುಟ್ಟಿದ ಗಾಡಿಯನ್ನು ಹಗುರ ಮಾಡಲು ಆಗುವುದಿಲ್ಲ. ಟೈರಿಗೆ ಕ್ಯಾಲ್ಸಿಯಂ ಕ್ಲೋರೈಡ್ ನೀರು ತುಂಬಿದ ಹಳೆಯ ಗಾಡಿ ಕಂಡರೆ ಮಾತ್ರ ರಿಮ್ಮನ್ನು ಚೆನ್ನಾಗಿ ನೋಡಿ. ಆ ನೀರು ಸೋರಿದ ಕಡೆ ಉಕ್ಕನ್ನು ತಿಂದುಹಾಕುತ್ತದೆ.

ಸಣ್ಣದು, ನಡುವಿನದು, ದೊಡ್ಡದು

18ರಿಂದ 25 ಎಚ್‌ಪಿಯ ಸಣ್ಣ ಗಾಡಿಗಳು ಸಾಮಾನ್ಯವಾಗಿ ಟನ್ನಿಗಿಂತ ಕಡಿಮೆ ತೂಗುತ್ತವೆ. ಹುಲ್ಲು ಕತ್ತರಿಸಲು, ಸಾಲಿನ ನಡುವೆ ಕಳೆ ತೆಗೆಯಲು, ಸಣ್ಣ ಟ್ರೈಲರ್ ಎಳೆಯಲು, ಔಷಧಿ ಸಿಂಪಡಿಸಲು ಇವು ತುಂಬ ಚೆನ್ನಾಗಿವೆ. ಇವುಗಳ ತೊಂದರೆ ಎಂದರೆ ನೆಲದಿಂದ ಹೊಟ್ಟೆಗೆ ಇರುವ ಎತ್ತರ ಕಡಿಮೆ, ಗಾಲಿ ಸಣ್ಣದು. ಗುಂಡಿ, ಬದು, ಕಲ್ಲು ಇರುವ ಕಡೆ ಮೈಯೆಲ್ಲ ಕುಲುಕುತ್ತದೆ.

25ರಿಂದ 45 ಎಚ್‌ಪಿಯ ನಡುವಿನ ಗಾತ್ರವೇ ಹೆಚ್ಚಿನ ಮೊದಲ ಖರೀದಿಗೆ ಹೊಂದುತ್ತದೆ. ಐದಡಿ ಅಗಲದ ಸ್ಲ್ಯಾಷರಿಗೆ ಸುಮಾರು 25 ಪಿಟಿಒ ಎಚ್‌ಪಿ ಬೇಕು. ಅಡಿಗೆ ಐದು ಎಚ್‌ಪಿ ಎಂಬ ಲೆಕ್ಕ ನೆನಪಿಟ್ಟುಕೊಳ್ಳಿ. ಅಷ್ಟೇ ಅಗಲದ ರೋಟವೇಟರಿಗೆ ಜಾಸ್ತಿ ಶಕ್ತಿ ಬೇಕು. ಗಟ್ಟಿ ಮಣ್ಣಿನಲ್ಲಿ 35ರಿಂದ 45 ಎಚ್‌ಪಿ ಟ್ರ್ಯಾಕ್ಟರ್ ಇದ್ದರೆ ಎಂಜಿನ್ ಏದುಸಿರು ಬಿಡುವುದಿಲ್ಲ. ರೋಟವೇಟರನ್ನು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹೊರ ಅಗಲಕ್ಕಿಂತ ಸ್ವಲ್ಪ ದೊಡ್ಡದೇ ಆರಿಸಿ. ಇಲ್ಲದಿದ್ದರೆ ಉಳುಮೆಯಾದ ಜಾಗದ ಅಂಚಿನಲ್ಲಿ ಟೈರಿನ ಗುರುತು ಗಟ್ಟಿಯಾಗಿ ಉಳಿದುಬಿಡುತ್ತದೆ.

45ಕ್ಕಿಂತ ಮೇಲಿನವು ಹುಲ್ಲಿನ ದೊಡ್ಡ ಕಟ್ಟು ಎತ್ತುವವರಿಗೆ, ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ಸಾಗಿಸುವವರಿಗೆ, ಬೇರೆಯವರ ಹೊಲಕ್ಕೂ ಬಾಡಿಗೆಗೆ ಹೋಗುವವರಿಗೆ. ಟ್ರೈಲರ್ ವಿಷಯದಲ್ಲಿ ಎಳೆಯುವುದು ದೊಡ್ಡದಲ್ಲ, ನಿಲ್ಲಿಸುವುದೇ ದೊಡ್ಡದು. ಬ್ರೇಕಿಲ್ಲದ, ತುಂಬಿದ ಟ್ರೈಲರ್ ಇಳಿಜಾರಿನಲ್ಲಿ ಹಗುರ ಟ್ರ್ಯಾಕ್ಟರನ್ನು ಹಿಂದಿನಿಂದ ತಳ್ಳುತ್ತದೆ. ನಿಮ್ಮ ಜಾಗ ಗುಡ್ಡದ್ದಾಗಿದ್ದರೆ ಈ ಒಂದೇ ಕಾರಣಕ್ಕೆ ಒಂದು ಮೆಟ್ಟಿಲು ಮೇಲಿನ ತೂಕಕ್ಕೆ ಹೋಗಬಹುದು.

ಎರಡು ಗಾಲಿಯೋ ನಾಲ್ಕು ಗಾಲಿಯೋ

ಒಣ, ಸಮತಟ್ಟು ನೆಲದಲ್ಲಿ ಹಿಂದಿನ ಎರಡು ಗಾಲಿಗೆ ಮಾತ್ರ ಶಕ್ತಿ ಹೋಗುವ ಟ್ರ್ಯಾಕ್ಟರ್ ಚೆನ್ನಾಗಿಯೇ ದುಡಿಯುತ್ತದೆ. ಸರಳ, ಹಗುರ, ಸಣ್ಣ ಜಾಗದಲ್ಲಿ ತಿರುಗುತ್ತದೆ, ರಿಪೇರಿ ಕಡಿಮೆ. ಕೆಸರು, ಏರು, ಲೋಡರ್ ಈ ಮೂರರಲ್ಲಿ ಒಂದಿದ್ದರೂ ನಾನು ಫೋರ್ ವೀಲ್ ಡ್ರೈವಿಗೇ ಹೋಗುತ್ತೇನೆ. ಲೋಡರ್ ತುಂಬಿದಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ. ಹಿಂದಿನ ಗಾಲಿ ಹಗುರಾಗಿ ಹಿಡಿತ ಬಿಡುತ್ತದೆ. ಎಳೆಯುವ ಗಾಲಿಯೇ ಹಗುರಾದರೆ ಗಾಡಿ ಮುಂದೆ ಹೋಗುವುದೆಲ್ಲಿ? ಇಳಿಜಾರಿನಲ್ಲಿ ಇನ್ನೊಂದು ವಿಷಯ. ಬಹಳಷ್ಟು ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗೆ ಮಾತ್ರ. ಫೋರ್ ವೀಲ್ ಹಾಕಿದಾಗ ಮುಂದಿನ ಗಾಲಿಗಳೂ ಗೇರಿಗೆ ಕಟ್ಟಿಕೊಂಡಿರುವುದರಿಂದ ನಾಲ್ಕೂ ಸೇರಿ ಗಾಡಿಯನ್ನು ಹಿಡಿಯುತ್ತವೆ.

ಇದಕ್ಕೊಂದು ಶಿಸ್ತಿದೆ. ಮುಂದಿನ ಗಾಲಿಗಳನ್ನು ಹಿಂದಿನವಕ್ಕಿಂತ ಸ್ವಲ್ಪ ವೇಗವಾಗಿ ಓಡುವಂತೆ ಮಾಡಿರುತ್ತಾರೆ, ನೂರಕ್ಕೆ ಒಂದರಿಂದ ಐದರಷ್ಟು. ಮಣ್ಣಿನಲ್ಲಿ ಅದು ಜಾರಿ ಸರಿಹೋಗುತ್ತದೆ. ಡಾಂಬರು ರಸ್ತೆಯಲ್ಲಿ ಜಾರಲು ಜಾಗವಿಲ್ಲ. ಮುಂದಿನ ಟೈರು ಬೇಗ ಸವೆಯುತ್ತದೆ, ಗೇರಿನ ಮೇಲೆ ಒತ್ತಡ ಬೀಳುತ್ತದೆ. ಗಟ್ಟಿ ರಸ್ತೆಗೆ ಬಂದ ಕೂಡಲೇ ಲಿವರಿನಿಂದ ಫೋರ್ ವೀಲ್ ಬಿಡಿಸಿ. ಹಾಗೆಯೇ ಟೈರ್ ಬದಲಿಸುವಾಗ ಕಣ್ಣಳತೆಯಲ್ಲಿ ಬೇರೆ ಸೈಜು ಹಾಕಿಸಬೇಡಿ. ಮುಂದಿನ ಹಿಂದಿನ ಟೈರುಗಳ ಸುತ್ತಳತೆ ಒಂದಕ್ಕೊಂದು ಲೆಕ್ಕದಲ್ಲಿ ಇರಬೇಕು. ಹಳೆಯ ಗಾಡಿ ಕೊಳ್ಳುವಾಗ ಇದನ್ನು ನೋಡದೆ ಬಿಡಬಾರದು, ಯಾರೋ ಸಿಕ್ಕ ಟೈರ್ ಹಾಕಿಸಿ ಓಡಿಸಿದ್ದರೆ ಮುಂದಿನ ಆಕ್ಸಲ್ ಆಗಲೇ ನೊಂದಿರುತ್ತದೆ.

ಟೈರಿನ ಹಲ್ಲಿನ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಆಳವಾದ ಓರೆ ಹಲ್ಲಿನ ಕೃಷಿ ಟೈರು ಉಳುಮೆಗೆ, ಕೆಸರಿಗೆ. ಅಗಲ, ಕಡಿಮೆ ಆಳದ ಕೈಗಾರಿಕಾ ಟೈರು ಲೋಡರ್ ಕೆಲಸಕ್ಕೆ, ಗಟ್ಟಿ ನೆಲಕ್ಕೆ. ಹುಲ್ಲುಹಾಸು ಹಾಳಾಗಬಾರದು ಎನ್ನುವವರಿಗೆ ಸಣ್ಣ ಹಲ್ಲಿನ ಟರ್ಫ್ ಟೈರು. ಉಳುಮೆ ಇದ್ದರೆ ಮೊದಲನೆಯದೇ, ಎರಡು ಮಾತಿಲ್ಲ.

ಗೇರು, ಹೈಡ್ರೋಸ್ಟಾಟಿಕ್, ಷಟಲ್

ಗಂಟೆಗಟ್ಟಲೆ ಒಂದೇ ವೇಗದಲ್ಲಿ ಉಳುವವರಿಗೆ ಸಾದಾ ಗೇರುಬಾಕ್ಸ್ ಸಾಕು. ಶಕ್ತಿ ಪೋಲಾಗುವುದು ಕಡಿಮೆ, ಹಳ್ಳಿಯ ಮೆಕ್ಯಾನಿಕ್ ಕೈಗೂ ಬಗ್ಗುತ್ತದೆ. ಮುಂದೆ ಹಿಂದೆ, ಮುಂದೆ ಹಿಂದೆ ಎಂದು ದಿನವಿಡೀ ಲೋಡರ್ ಆಡಿಸುವವರಿಗೆ ಅದೇ ಗೇರು ಮೊಣಕಾಲು ನೋವು ತರುತ್ತದೆ. ಅವರಿಗೆ ಹೈಡ್ರೋಸ್ಟಾಟಿಕ್ ಚೆನ್ನ. ಕ್ಲಚ್ ತುಳಿಯುವ ಕೆಲಸವಿಲ್ಲ, ಪೆಡಲ್ ಒತ್ತಿದಷ್ಟು ಓಡುತ್ತದೆ. ಬಿಟ್ಟರೆ ನಿಲ್ಲುತ್ತದೆ. ಹೊಸದಾಗಿ ಕಲಿಯುವವರಿಗೂ ಸುಲಭ. ಎಣ್ಣೆಯ ಒತ್ತಡದಲ್ಲಿ ಓಡುವುದರಿಂದ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುತ್ತದೆ, ದಿನಪೂರ್ತಿ ಭಾರ ಎಳೆಯಲು ಅದು ಹೇಳಿಮಾಡಿಸಿದ್ದಲ್ಲ. ಎರಡರ ನಡುವೆ ಷಟಲ್ ಇದೆ. ಸ್ಟೀರಿಂಗ್ ಹತ್ತಿರದ ಒಂದು ಲಿವರಿನಿಂದ ಮುಂದಕ್ಕೂ ಹಿಂದಕ್ಕೂ ಬದಲಿಸಬಹುದು. ಉಳುಮೆಯೂ ಇದೆ, ಲೋಡರೂ ಇದೆ ಎನ್ನುವವರಿಗೆ ಇದೇ ನನ್ನ ಆಯ್ಕೆ.

ಗೇರುಗಳ ಸಂಖ್ಯೆ ನೋಡಿ ಮರುಳಾಗಬೇಡಿ. ನಿಮ್ಮ ಕೆಲಸದ ವೇಗದಲ್ಲಿ ಎಷ್ಟು ಗೇರಿದೆ ಎಂದು ಕೇಳಿ. ರೋಟವೇಟರ್ ಗಂಟೆಗೆ ಎರಡು ಮೂರು ಕಿಲೋಮೀಟರ್ ವೇಗ ಬೇಡುತ್ತದೆ, ಆಗ ಪಿಟಿಒ ನಿಮಿಷಕ್ಕೆ 540 ಸುತ್ತಿನಲ್ಲೇ ಇರಬೇಕು. ಕೆಳಗಿನ ಗೇರೇ ಐದು ಕಿಲೋಮೀಟರಿನಿಂದ ಶುರುವಾದರೆ ಅಲ್ಲಿ ರೋಟವೇಟರ್ ಕೆಲಸ ಕೆಡುತ್ತದೆ.

ಹಿಂದಿನ ಕೊಂಡಿ ಮತ್ತು ಪಿಟಿಒ

ಉಪಕರಣ ಕಟ್ಟುವ ಮೂರು ಕೊಂಡಿಯ ಜೋಡಣೆಯನ್ನು ಹ್ಯಾರಿ ಫರ್ಗ್ಯೂಸನ್ 1930ರ ದಶಕದಲ್ಲಿ ಮಾರುಕಟ್ಟೆಗೆ ತಂದ. ಅದಕ್ಕಿಂತ ಮೊದಲು ನೇಗಿಲನ್ನು ಸುಮ್ನೆ ಹಿಂದೆ ಎಳೆದುಕೊಂಡು ಹೋಗುತ್ತಿದ್ದರು. ಮೂರು ಕೊಂಡಿಯಲ್ಲಿ ನೇಗಿಲಿನ ಭಾರ ಮತ್ತು ಮಣ್ಣಿನ ಎಳೆತ ಹಿಂದಿನ ಗಾಲಿಯ ಮೇಲೆ ಬೀಳುತ್ತದೆ, ಹಾಗಾಗಿ ಹಗುರ ಟ್ರ್ಯಾಕ್ಟರಿಗೂ ಹಿಡಿತ ಬಂತು. ಮಣ್ಣು ಗಟ್ಟಿಯಾದ ಕಡೆ ತಾನಾಗಿ ಸ್ವಲ್ಪ ಎತ್ತುವ ಡ್ರಾಫ್ಟ್ ಕಂಟ್ರೋಲ್ ಕೂಡ ಆ ಕಾಲದ್ದೇ. ಉಳುಮೆ ಮಾಡುವವರು ಕೊಳ್ಳುವ ಟ್ರ್ಯಾಕ್ಟರಿನಲ್ಲಿ ಡ್ರಾಫ್ಟ್ ಕಂಟ್ರೋಲ್ ಇದೆಯೇ ಎಂದು ಕೇಳಲೇಬೇಕು. ತುಂಬ ಸಣ್ಣ ಗಾಡಿಗಳಲ್ಲಿ ಇರುವುದಿಲ್ಲ.

ಕೊಂಡಿಯ ಪಿನ್ನಿಗೆ ಅಳತೆಗಳಿವೆ. ಒಂದನೇ ವರ್ಗದ ಕೆಳಗಿನ ಪಿನ್ 22 ಮಿಲಿಮೀಟರ್, ಎರಡನೇ ವರ್ಗದ್ದು 28 ಮಿಲಿಮೀಟರ್. ಮೊದಲ ಟ್ರ್ಯಾಕ್ಟರ್ ಒಂದನೇ ವರ್ಗದ್ದೋ ಎರಡಕ್ಕೂ ಆಗುವಂಥದ್ದೋ ಆಗಿರಲಿ. ಉಪಕರಣ ಸುಲಭವಾಗಿ ಸಿಗುತ್ತದೆ, ನೆರೆಯವರಿಂದ ಎರವಲು ತಂದರೂ ಕೂರುತ್ತದೆ. ಅದಕ್ಕಿಂತ ಸಣ್ಣ, ಸೊನ್ನೆ ವರ್ಗದ ಕೊಂಡಿ ಇರುವ ಗಾಡಿಗೆ ಉಪಕರಣ ಹುಡುಕುವುದೇ ಒಂದು ಕೆಲಸವಾಗುತ್ತದೆ. ಎತ್ತುವ ಭಾರ ಕೇಳುವಾಗ ಕೊಂಡಿಯ ತುದಿಯಲ್ಲೋ, ಅದರ 610 ಮಿಲಿಮೀಟರ್ ಹಿಂದೋ ಎಂದು ಬಿಡಿಸಿ ಕೇಳಿ. 610 ಮಿಲಿಮೀಟರ್ ಹಿಂದಿನ ಲೆಕ್ಕವೇ ನಿಜವಾದ ಉಪಕರಣಕ್ಕೆ ಹತ್ತಿರ, ಅದು ಯಾವಾಗಲೂ ಕಡಿಮೆ ಇರುತ್ತದೆ.

ಹಳೆಯ ಗಾಡಿಗಳಲ್ಲಿ ಪಿಟಿಒ ಯಾವ ಬಗೆಯದು ಎನ್ನುವುದು ಮುಖ್ಯ. ತೀರ ಹಳೆಯವುಗಳಲ್ಲಿ ಕ್ಲಚ್ ತುಳಿದರೆ ಗಾಲಿಯ ಜೊತೆಗೆ ಪಿಟಿಒಗೂ ಎಂಜಿನ್ ಸಂಪರ್ಕ ತಪ್ಪುತ್ತದೆ. ಸ್ಲ್ಯಾಷರ್ ಕಟ್ಟಿದ್ದರೆ ಅದರ ಭಾರದ ಬ್ಲೇಡ್ ತಿರುಗುತ್ತಲೇ ಇದ್ದು ಗೇರುಬಾಕ್ಸನ್ನೇ ತಿರುಗಿಸುತ್ತದೆ. ಕ್ಲಚ್ ಒತ್ತಿ ಬ್ರೇಕ್ ಹಾಕಿದರೂ ಗಾಡಿ ಮುಂದಕ್ಕೇ ನುಗ್ಗುತ್ತದೆ. ಎದುರಿಗೆ ಬೇಲಿಯೋ ಹಳ್ಳವೋ ಇದ್ದರೆ ಗತಿ? ಇಂಥ ಗಾಡಿಗೆ ಓವರ್‌ರನ್ನಿಂಗ್ ಕ್ಲಚ್ (ಬ್ಲೇಡ್ ತಿರುಗುತ್ತಿದ್ದರೂ ಗೇರುಬಾಕ್ಸನ್ನು ತಿರುಗಿಸದಂತೆ ಬಿಡುವ ಕ್ಲಚ್) ಹಾಕಿಸದೆ ಸ್ಲ್ಯಾಷರ್ ಕಟ್ಟಲೇಬಾರದು. ಎರಡು ಹಂತದ ಕ್ಲಚ್ ಇದ್ದರೆ ಅರ್ಧ ಒತ್ತಿದಾಗ ಗಾಡಿ ನಿಲ್ಲುತ್ತದೆ, ಪಿಟಿಒ ತಿರುಗುತ್ತಿರುತ್ತದೆ. ಬೇರೆಯೇ ಕ್ಲಚ್ ಇರುವ ಸ್ವತಂತ್ರ ಪಿಟಿಒ ಎಲ್ಲಕ್ಕಿಂತ ಅನುಕೂಲ.

ಹೊಸದೋ ಹಳೆಯದೋ

ಹೊಸದಕ್ಕೆ ಗ್ಯಾರಂಟಿ ಇದೆ, ಸುರಕ್ಷತೆಯ ಸಾಮಾನೆಲ್ಲ ಜೊತೆಗೇ ಬರುತ್ತದೆ, ಸಾಲವೂ ಸುಲಭವಾಗಿ ಸಿಗುತ್ತದೆ. ಮಾಲಿನ್ಯದ ನಿಯಮ ಬಿಗಿಯಾದ ಕಡೆ ಹೊಸ ಡೀಸೆಲ್ ಎಂಜಿನ್ನಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ಆಗಾಗ ಬಿಸಿಯಾಗಿ ಮಸಿ ಸುಟ್ಟುಕೊಳ್ಳಬೇಕು. ದಿನಾ ಹತ್ತು ನಿಮಿಷ ನಿಧಾನವಾಗಿ ಓಡಿಸಿ ನಿಲ್ಲಿಸುವವರ ಕೈಯಲ್ಲಿ ಅದು ಬೇಗ ಕಟ್ಟಿಕೊಳ್ಳುತ್ತದೆ. ನಿಮ್ಮ ಬಳಕೆ ಹಾಗಿದ್ದರೆ ಆ ಫಿಲ್ಟರ್ ಇಲ್ಲದ ಸಣ್ಣ ಎಂಜಿನ್ ಕೇಳಿನೋಡಿ.

ಹಳೆಯದರಲ್ಲಿ ಕಡಿಮೆ ದುಡ್ಡಿಗೆ ಜಾಸ್ತಿ ಕಬ್ಬಿಣ ಸಿಗುತ್ತದೆ. ಚೆನ್ನಾಗಿ ನೋಡಿಕೊಂಡ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ದೊಡ್ಡ ರಿಪೇರಿ ಇಲ್ಲದೆ ಹಲವು ಸಾವಿರ ಗಂಟೆ ಓಡುತ್ತದೆ. ವರ್ಷಕ್ಕೆ ನೂರು ಗಂಟೆ ಓಡಿಸುವವರಿಗೆ 2,500 ಗಂಟೆ ಓಡಿದ ಗಾಡಿ ಮುದಿಯೇನಲ್ಲ. ಆದರೆ ಮೀಟರನ್ನು ನಂಬಿ ಕೊಳ್ಳಬೇಡಿ, ಅದನ್ನು ಬದಲಿಸುವುದು ಸುಲಭ. ಪೆಡಲಿನ ರಬ್ಬರ್, ಸೀಟು, ಪಿಟಿಒ ಶಾಫ್ಟಿನ ಹಲ್ಲು, ಕೊಂಡಿಯ ತೂತು ನೋಡಿ. ಮೀಟರ್ 900 ಎನ್ನುತ್ತದೆ, ಬ್ರೇಕ್ ಪೆಡಲ್ ಸವೆದು ನುಣ್ಣಗಾಗಿದೆ ಎಂದರೆ ಪೆಡಲನ್ನೇ ನಂಬಿ.

ನೋಡಲು ಹೋಗುವ ಮೊದಲು ಮಾರುವವರಿಗೆ ಒಂದೇ ಮಾತು ಹೇಳಿ: ನಾನು ಬರುವವರೆಗೆ ಎಂಜಿನ್ ಶುರು ಮಾಡಬೇಡಿ. ಹೋದ ಕೂಡಲೇ ಎಂಜಿನ್ ಮುಟ್ಟಿನೋಡಿ, ತಣ್ಣಗಿರಬೇಕು. ರೇಡಿಯೇಟರ್ ಮುಚ್ಚಳ ತೆಗೆದು ಒಳಗೆ ಎಣ್ಣೆಯ ಜಿಡ್ಡಿದೆಯೇ ನೋಡಿ. ಡಿಪ್‌ಸ್ಟಿಕ್ ಎಳೆದು ನೋಡಿ, ಎಣ್ಣೆ ಹಾಲು ಬೆರೆತಂತೆ ಇದ್ದರೆ ಒಳಗೆ ನೀರು ಸೇರಿದೆ. ಅಲ್ಲಿಗೇ ನಿಲ್ಲಿಸಿ. ಅವೆರಡೂ ಸರಿಯಿದ್ದರೆ ಶುರು ಮಾಡಿಸಿ. ಮೊದಲ ಕ್ಷಣದ ಹೊಗೆ ಪರವಾಗಿಲ್ಲ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ ಅಥವಾ ನೀರು ಒಳಗೆ ಹೋಗುತ್ತಿದೆ. ಭಾರ ಬಿದ್ದಾಗ ಸ್ವಲ್ಪ ಕಪ್ಪು ಹೊಗೆ ಸಹಜ, ಸದಾ ಕಪ್ಪಾದರೆ ಏರ್ ಫಿಲ್ಟರ್ ಅಥವಾ ಇಂಜೆಕ್ಟರ್ ಕಡೆ ನೋಡಬೇಕು. ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ಬುಸುಬುಸು ಗಾಳಿ ಬಂದರೆ ಪಿಸ್ಟನ್ ರಿಂಗು ಸವೆದಿದೆ.

ಹೈಡ್ರಾಲಿಕ್ ಪರೀಕ್ಷೆಗೆ ಭಾರವಾದ ಉಪಕರಣ ಕಟ್ಟಿಸಿ ಮೇಲೆತ್ತಿ. ಎಂಜಿನ್ ನಿಲ್ಲಿಸಿ, ದೂರ ನಿಂತು ನೋಡಿ. ನಿಧಾನವಾಗಿ ಕೂತರೆ ಹಳೆಯ ಗಾಡಿಯಲ್ಲಿ ಒಪ್ಪಬಹುದು, ಕಣ್ಣೆದುರೇ ಸರ್ರನೆ ಇಳಿದರೆ ಸೀಲ್ ಹೋಗಿದೆ. ಮುಂದಿನ ಆಕ್ಸಲನ್ನು ಜಾಕಿನಿಂದ ಎತ್ತಿಸಿ ನಡುವಿನ ಪಿನ್ ಅಲುಗುತ್ತದೆಯೇ ನೋಡಿ. ಲೋಡರ್ ಹಾಕಿದ್ದ ಗಾಡಿಯಲ್ಲಿ ಎಂಜಿನ್ನೂ ಕ್ಲಚ್ ಹೌಸಿಂಗೂ ಸೇರುವ ಜಾಗದಲ್ಲಿ ಬಿರುಕು, ಹೊಸ ವೆಲ್ಡಿಂಗ್ ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಹೊಸ ಬಣ್ಣ ಬಳಿದಿದ್ದರೆ ಎರಡು ಸಲ ನೋಡಿ. ಚಾಸಿ ನಂಬರ್, ಎಂಜಿನ್ ನಂಬರ್ ಎರಡೂ ಕಾಗದದಲ್ಲಿರುವುದಕ್ಕೆ ತಾಳೆಯಾಗಬೇಕು.

ಇನ್ನೊಂದು ದೇಶದ ಮಾರುಕಟ್ಟೆಗೆ ಮಾಡಿ, ಬಳಸಿ, ಹಡಗಿನಲ್ಲಿ ಬಂದ ಸಣ್ಣ ಟ್ರ್ಯಾಕ್ಟರುಗಳು ಕೆಲವು ಕಡೆ ಅಗ್ಗವಾಗಿ ಸಿಗುತ್ತವೆ. ಎಂಜಿನ್ ಗಟ್ಟಿಯಿರಬಹುದು. ಆದರೆ ಬಿಡಿಭಾಗ ಸಿಗುವುದು ಕಷ್ಟ, ಎಚ್ಚರಿಕೆಯ ಚೀಟಿ ಓದಲಾಗದ ಭಾಷೆಯಲ್ಲಿ ಇರುತ್ತದೆ, ಹಲವಕ್ಕೆ ಉರುಳಿದರೆ ಕಾಯುವ ಕಮಾನೇ ಇರುವುದಿಲ್ಲ. ಮೊದಲ ಟ್ರ್ಯಾಕ್ಟರಾಗಿ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಇದರಲ್ಲಿ ರಾಜಿ ಬೇಡ

ಸೀಟಿನ ಹಿಂದಿನ ಉಕ್ಕಿನ ಕಮಾನು ಮತ್ತು ಸೀಟ್ ಬೆಲ್ಟ್. ಇವೆರಡೂ ಇಲ್ಲದ ಟ್ರ್ಯಾಕ್ಟರ್ ಎಷ್ಟೇ ಅಗ್ಗವಾಗಿ ಸಿಕ್ಕರೂ, ಕಮಾನು ಹಾಕಿಸುವ ಖರ್ಚು ಸೇರಿಸಿಯೇ ಬೆಲೆ ಲೆಕ್ಕ ಹಾಕಿ. ಹಾಕಿಸಲು ಆಗದಿದ್ದರೆ ಬಿಟ್ಟುಬಿಡಿ. ಸ್ವೀಡನ್ 1959ರಲ್ಲಿ ಹೊಸ ಟ್ರ್ಯಾಕ್ಟರುಗಳಿಗೆಲ್ಲ ಉರುಳಿದಾಗ ಕಾಯುವ ಈ ರಕ್ಷಣೆಯನ್ನು ಕಡ್ಡಾಯ ಮಾಡಿತು, ಅಲ್ಲಿ ಗಾಡಿ ಉರುಳಿ ಸಾಯುವವರ ಸಂಖ್ಯೆ ಮುಂದಿನ ದಶಕಗಳಲ್ಲಿ ಬಹುತೇಕ ಇಲ್ಲವಾಯಿತು. ಕಮಾನು ಇದ್ದಾಗ ಬೆಲ್ಟ್ ಹಾಕಿಕೊಳ್ಳಬೇಕು. ಕಮಾನು ಮಡಚಿದ್ದರೆ ಅಥವಾ ಇಲ್ಲದಿದ್ದರೆ ಬೆಲ್ಟ್ ಹಾಕಬಾರದು, ಉರುಳುವ ಗಾಡಿಗೆ ನಿಮ್ಮನ್ನು ಕಟ್ಟಿಹಾಕಿದಂತಾಗುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪು ಬಗ್ಗಿಸಿ ಮಾಡಿಸಿದ ಕಮಾನನ್ನು ನೆಚ್ಚಬೇಡಿ. ಪರೀಕ್ಷೆಯಾಗಿ ಪ್ರಮಾಣ ಚೀಟಿ ಇರುವುದೇ ಬೇಕು.

ಟ್ರ್ಯಾಕ್ಟರ್ ಪಕ್ಕಕ್ಕೆ ಮಾತ್ರ ಉರುಳುವುದಿಲ್ಲ, ಹಿಂದಕ್ಕೂ ಮಗುಚುತ್ತದೆ. ದಿಮ್ಮಿಯನ್ನೋ ಕೆಸರಲ್ಲಿ ಹೂತ ಗಾಡಿಯನ್ನೋ ಎಳೆಯುವಾಗ ಸರಪಳಿಯನ್ನು ಮೇಲಿನ ಕೊಂಡಿಗೋ ಆಕ್ಸಲಿಗೋ ಕಟ್ಟಿದರೆ ಮುಂದಿನ ಗಾಲಿ ಏಳುತ್ತದೆ. ಏಳಲು ಶುರುವಾಗಿ ಮುಕ್ಕಾಲು ಸೆಕೆಂಡಿನಲ್ಲಿ ತಡೆಯಲಾಗದ ಹಂತ ದಾಟಿರುತ್ತದೆ. ಕ್ಲಚ್ ತುಳಿಯಬೇಕೆಂದು ಹೊಳೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಎಳೆಯುವುದೇನಿದ್ದರೂ ಕೆಳಗಿನ ಡ್ರಾಬಾರಿಗೇ ಕಟ್ಟಿ. ಕೊಳ್ಳುವಾಗಲೇ ಡ್ರಾಬಾರ್ ಜೊತೆಗಿದೆಯೇ ನೋಡಿ, ಹಳೆಯ ಗಾಡಿಗಳಲ್ಲಿ ಎಷ್ಟೋ ಸಲ ಕಳೆದುಹೋಗಿರುತ್ತದೆ.

ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವಚವೂ ಅಷ್ಟೇ ಮುಖ್ಯ. 540 ಸುತ್ತು ಎಂದರೆ ಸೆಕೆಂಡಿಗೆ ಒಂಬತ್ತು ಸುತ್ತು. ಅಂಗಿಯ ತುದಿ, ಸೆರಗು, ಟವೆಲ್ ಸಿಕ್ಕಿದರೆ ಕೈ ಹಿಂದಕ್ಕೆಳೆಯಲು ಸಮಯವೇ ಇರುವುದಿಲ್ಲ. ಕವಚ ಒಡೆದಿದ್ದರೆ ಮೊದಲ ದಿನವೇ ಹೊಸದು ಹಾಕಿಸಿ. ಲೋಡರ್ ಇದ್ದರೆ ಹಿಂದೆ ತೂಕ ಕಟ್ಟಿಯೇ ಓಡಿಸಿ, ತುಂಬಿದ ಬಕೆಟ್ಟನ್ನು ನೆಲಕ್ಕೆ ಹತ್ತಿರವಾಗಿಯೇ ಒಯ್ಯಿರಿ.

ಡೀಲರ್ ಎಷ್ಟು ದೂರ

ಎರಡು ಮಾದರಿಗಳು ಸರಿಸುಮಾರು ಒಂದೇ ಎನ್ನಿಸಿದರೆ ಹತ್ತಿರದ ಡೀಲರ್ ಯಾರದ್ದೋ ಆ ಗಾಡಿ ಕೊಳ್ಳಿ. ಬಿತ್ತನೆಯ ಹೊತ್ತಿಗೆ ಕ್ಲಚ್ ಪ್ಲೇಟ್ ಹೋಯಿತು, ಸಾಮಾನು ಬರಲು ಮೂರು ವಾರ ಎಂದರೆ ಎಷ್ಟು ಎಚ್‌ಪಿ ಇದ್ದು ಏನು? ಅಂಗಡಿಗೆ ಹೋಗಿ ಸುಮ್ನೆ ಒಂದು ಪರೀಕ್ಷೆ ಮಾಡಿ. ನಿಮ್ಮ ಮಾದರಿಯ ಎಣ್ಣೆ ಫಿಲ್ಟರ್, ಡೀಸೆಲ್ ಫಿಲ್ಟರ್, ವಾಟರ್ ಪಂಪ್ ಕೇಳಿ. ಫಿಲ್ಟರ್ ಕಪಾಟಿನಲ್ಲೇ ಇರಬೇಕು. ಪಂಪ್ ಎಷ್ಟು ದಿನದಲ್ಲಿ ಬರುತ್ತದೆ ಎಂದು ಅವರು ಅನುಮಾನಿಸದೆ ಹೇಳಬೇಕು. ಮೆಕ್ಯಾನಿಕ್ ಹೊಲಕ್ಕೆ ಬರುತ್ತಾನೋ, ಗಾಡಿಯನ್ನೇ ಲಾರಿಯಲ್ಲಿ ಹೇರಿ ತರಬೇಕೋ ಎಂದೂ ಕೇಳಿ.

ಕೆಲವು ಜಾಗಗಳಿಗೆ ನನ್ನ ಆಯ್ಕೆ

ನಾಲ್ಕೈದು ಎಕರೆ, ಹೆಚ್ಚಿನದು ಹುಲ್ಲು, ಸ್ವಲ್ಪ ತರಕಾರಿ, ಓಡಿಸುವವರು ಹೊಸಬರು ಎಂದಿಟ್ಟುಕೊಳ್ಳಿ. 25 ಎಚ್‌ಪಿ ಆಸುಪಾಸಿನ ಫೋರ್ ವೀಲ್, ಹೈಡ್ರೋಸ್ಟಾಟಿಕ್, ಒಂದನೇ ವರ್ಗದ ಕೊಂಡಿ. ಲೋಡರ್ ಇದ್ದರೆ ಕೈಬಂಡಿಯ ಕೆಲಸ ಮುಕ್ಕಾಲು ಪಾಲು ತಪ್ಪುತ್ತದೆ.

ಹತ್ತು ಹದಿನೈದು ಎಕರೆ, ಒಣ ಸಮತಟ್ಟು ನೆಲ, ಉಳುಮೆಯೇ ಮುಖ್ಯ. 40 ಎಚ್‌ಪಿ ಸುತ್ತಮುತ್ತ, ಎರಡು ಟನ್ ತೂಕ, ಎರಡೇ ಗಾಲಿಯ ಸಾದಾ ಗೇರಿನ ಗಾಡಿ. ಇಲ್ಲಿ ಹಳೆಯದನ್ನು ಧೈರ್ಯವಾಗಿ ನೋಡಬಹುದು. ಉಳಿದ ದುಡ್ಡಿಗೆ ಒಳ್ಳೆಯ ಉಪಕರಣ ಬರುತ್ತದೆ. ಗಾಡಿಗೇ ಎಲ್ಲ ಸುರಿದು ಹರಕು ನೇಗಿಲು ಕಟ್ಟಿಕೊಂಡವರಿಗಿಂತ ಇವರ ಕೆಲಸ ಚೆನ್ನಾಗಿ ಆಗುತ್ತದೆ.

ಅದೇ ಅಳತೆಯ ಜಾಗ ಗುಡ್ಡದ ಮೇಲಿದ್ದರೆ ಎಚ್‌ಪಿ ಅಷ್ಟೇ ಇರಲಿ, ಫೋರ್ ವೀಲ್ ಬೇಕು, ಷಟಲ್ ಬೇಕು. ಹಿಂದಿನ ಗಾಲಿಗಳನ್ನು ಹೊರಕ್ಕೆ ಸರಿಸಿ ಅಗಲ ಮಾಡಿಕೊಳ್ಳುವ ಅವಕಾಶವೂ ಬೇಕು, ಅಗಲವಾಗಿ ನಿಂತ ಗಾಡಿ ಸುಲಭವಾಗಿ ಉರುಳುವುದಿಲ್ಲ. ಇಲ್ಲಿ ಹಳೆಯದಕ್ಕಿಂತ ಹೊಸದಕ್ಕೇ ನನ್ನ ಮತ.

ತೋಟದ ಸಾಲುಗಳ ನಡುವೆ ಓಡಾಡಬೇಕಾದವರು ಉಳಿದೆಲ್ಲವನ್ನೂ ಬಿಟ್ಟು ಮೊದಲು ಟೇಪು ಹಿಡಿದು ಸಾಲಿನ ಅಗಲ ಅಳೆಯಬೇಕು. ಗಾಡಿಯ ಹೊರ ಅಗಲಕ್ಕೆ ಎರಡೂ ಕಡೆ ಒಂದೊಂದು ಅಡಿ ಸೇರಿಸಿ, ಅದಕ್ಕೆ ಹೊಂದುವುದರಲ್ಲಿ ಮಾತ್ರ ಆರಿಸಬೇಕು. ಕೊಂಬೆ ತಗಲುವ ಕಡೆ ಮಡಚುವ ಕಮಾನು ಇರುವುದನ್ನೇ ಕೇಳಿ. ಮರದ ಕೆಳಗಿನಿಂದ ಹೊರಬಂದ ಕೂಡಲೇ ಕಮಾನು ಎತ್ತಿ ಪಿನ್ ಹಾಕಿ, ಬೆಲ್ಟ್ ಬಿಗಿದುಕೊಂಡು ಮುಂದಿನ ಸಾಲಿಗೆ ಹೋಗಿ.